ಹನ್ನೊಂದು ಹತ್ತರ ನಿಲುಗಡೆ

ಬುಧವಾರ ಬೆಳಿಗ್ಗೆ 9.20. ಪಾರ್ಸೆಲ್ ಗೋದಾಮಿನ ಮ್ಯಾನೇಜರ್ ಠಾಣೆಗೆ ಬಂದವನು ಕುರ್ಚಿ ಎಳೆದುಕೊಳ್ಳುವ ಮೊದಲೇ, "ನಮ್ಮ ನೆಟ್‌ವರ್ಕ್ ನೋಡ್ಕೊಳ್ಳೋನನ್ನ ಅರೆಸ್ಟ್ ಮಾಡಿ" ಎಂದ. ಅಪರಾಧಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಬರುವ ದೂರುದಾರರನ್ನು ಕಂಡರೆ ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು.

"ಏನಾಗಿದೆ ಅನ್ನೋದನ್ನ ಮೊದಲು ಹೇಳಿ."

ಒಂಬತ್ತು ದಿನದಿಂದ, ದಿನಾ 11.10ಕ್ಕೆ ಸರಿಯಾಗಿ ಗೋದಾಮಿನ ನೆಟ್‌ವರ್ಕ್ ಬೀಳುತ್ತಿತ್ತು. 11.25ಕ್ಕೆ ತಾನಾಗಿ ಏಳುತ್ತಿತ್ತು. 9.50ಕ್ಕೆ ಎಫ್ಐಆರ್ ದಾಖಲಾಯಿತು. 10.40ಕ್ಕೆ ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೇಬಲ್ ಜೊತೆ ಸ್ಥಳಕ್ಕೆ ಹೋದರು.

ಆರೋಪಿ ಎನಿಸಿಕೊಂಡವನು ನಲವತ್ತು ದಾಟಿದ ಬಡಕಲು ಆಸಾಮಿ. ಗೋದಾಮಿನವರೆಲ್ಲ ಅವನನ್ನು ಕೇಬಲಣ್ಣ ಎನ್ನುತ್ತಿದ್ದರು. ಹಿಂದಿನ ದಿನವೇ ಅವನ ಕೈಗೆ ಕೆಲಸದಿಂದ ತೆಗೆಯುವ ನೋಟಿಸು ಬಂದಿತ್ತು.

"ನೆಟ್‌ವರ್ಕ್ ಹಂಚೋ ದೊಡ್ಡ ಸ್ವಿಚ್ ಎರಡಿವೆ ಸರ್. ಒಂದು ಸತ್ರೆ ಇನ್ನೊಂದು ಕಣ್ಣು ಮಿಟುಕಿಸೋದ್ರೊಳಗೆ ಕೆಲಸ ಎತ್ಕೊಳ್ಳುತ್ತೆ."

"ಹಾಗಿದ್ರೆ ಬೀಳೋದ್ಯಾಕೆ?"

"ಯಾವುದೂ ಸಾಯ್ತಿಲ್ಲ. ಯಾರೋ ಒಂದೇ ಕೇಬಲ್ಲಿನ ಎರಡೂ ತುದೀನ ಗೋಡೇಲಿರೋ ಒಂದೇ ನೆಟ್‌ವರ್ಕ್ ಪೆಟ್ಟಿಗೆಗೆ ಸಿಕ್ಕಿಸ್ತಿದ್ದಾರೆ. ಹೋದ ಸಂದೇಶ ಅಲ್ಲೇ ಸುತ್ತುತ್ತೆ. ಒಂದು ನೂರಾಗುತ್ತೆ, ನೂರು ಲಕ್ಷ ಆಗುತ್ತೆ. ಜೋಡಿಗಿಟ್ಟ ಎರಡನೇ ಸ್ವಿಚ್ಚೂ ಅದ್ರಲ್ಲೇ ಮುಳುಗುತ್ತೆ."

"ಗಾಳಿಮಾತಿನ ಹಾಗೆ ಅನ್ನಿ. ಅದನ್ನ ತಡೆಯೋಕೆ ಏನೂ ಇಲ್ವಾ?"

"ಇದೆ ಸರ್. ಸುತ್ತು ಕಂಡ ತಕ್ಷಣ ಆ ದಾರಿ ಮುಚ್ಚೋ ಕಾವಲಿದೆ. ಮಾತೆತ್ತಿದ್ರೆ ಮುಚ್ಚುತ್ತೆ, ಕೆಲಸ ನಿಲ್ಲುತ್ತೆ, ಆರಿಸು ಅಂದ್ರು."

"ಯಾರು?"

ಕೇಬಲಣ್ಣ ಮ್ಯಾನೇಜರನನ್ನು ನೋಡಿದ. ಮ್ಯಾನೇಜರ್ ಚಾವಣಿ ನೋಡಿದ.

"ಅಲ್ರೀ," ಇನ್‌ಸ್ಪೆಕ್ಟರ್ ಹಣೆ ಚಚ್ಚಿಕೊಂಡರು, "ಕಾವಲುಗಾರನಿಗೆ ನೀವೇ ರಜೆ ಕೊಟ್ಟು ಕಳ್ಳ ಬಂದ ಅಂತ ದೂರು ಕೊಡ್ತೀರಾ?"

"ಅದೇನೇ ಇರ್ಲಿ ಸರ್. ಇಷ್ಟೆಲ್ಲ ಗೊತ್ತಿರೋನು ಇವನೊಬ್ಬನೇ."

"ಈಗ ಆ ಕಾವಲನ್ನ ಮತ್ತೆ ಆನ್ ಮಾಡ್ಬಿಟ್ರೆ?" ಇನ್‌ಸ್ಪೆಕ್ಟರ್ ಕೇಬಲಣ್ಣನನ್ನು ಕೇಳಿದರು.

"ಇನ್ಮೇಲೆ ಬೀಳಲ್ಲ ಸರ್. ಮಾಡಿದೋರೂ ಸಿಗಲ್ಲ. ಜನ್ಮಪೂರ್ತಿ ನಾನೇ ಕಳ್ಳ. ಇಲ್ಲಿ ಅಂಥ ನಲವತ್ತು ಪೆಟ್ಟಿಗೆ ಇವೆ. ಹುಡುಕ್ತಾ ಹುಡುಕ್ತಾ ಆ ಹದಿನೈದು ನಿಮಿಷ ಮುಗಿದೇ ಹೋಗಿರುತ್ತೆ."

ಅಷ್ಟರಲ್ಲಿ 11.10 ಆಯಿತು. ಪ್ಯಾಕ್ ಮಾಡುವ ಹೆಂಗಸರ ಕೈಯಲ್ಲಿದ್ದ ಸ್ಕ್ಯಾನರುಗಳೆಲ್ಲ ಒಟ್ಟಿಗೆ ಆರಿದವು. ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತ. ಇನ್‌ಸ್ಪೆಕ್ಟರ್ ಮಾತ್ರ ಹೆಂಗಸರನ್ನೇ ನೋಡಿದರು. ಎಲ್ಲರೂ ಸಿಕ್ಕಿದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತಿದ್ದರು. ಕೊನೆಯ ಮೇಜಿನ ಏಳು ತಿಂಗಳ ಬಸುರಿ ಊದಿದ ಕಾಲು ಚಾಚಿ ಕಣ್ಣು ಮುಚ್ಚಿದ್ದಳು.

"ಬೇರೆ ಹೊತ್ತಿನಲ್ಲಿ ಕೂರೋ ಹಾಗಿಲ್ವಾ?" ಎಂದು ಮ್ಯಾನೇಜರನನ್ನು ಕೇಳಿದರು.

"ಒಂದು ನಿಮಿಷ ಕೈ ನಿಂತ್ರೆ ಸ್ಕ್ಯಾನರ್ ಹೆಸರು ಬರ್ಕೊಳ್ಳುತ್ತೆ. ಮೂರು ಸಲ ಬರ್ಕೊಂಡ್ರೆ ಮನೆಗೆ."

"ಆ ಹೆಣ್ಣುಮಗಳು ಬಸುರಿ ಕಣ್ರೀ."

"ಡಾಕ್ಟರ ಚೀಟಿ ತಂದಿದ್ಲು. ಮೆಷಿನ್‌ನಲ್ಲಿ ಅದಕ್ಕೆ ಜಾಗ ಇಲ್ಲ."

11.25ಕ್ಕೆ ಸ್ಕ್ಯಾನರುಗಳ ದೀಪ ಮತ್ತೆ ಹತ್ತಿದವು. "ಏಳಿ, ಏಳಿ!" ಎಂದು ಕೂಗಿದ್ದು ಮೇಲ್ವಿಚಾರಕಿ. ಕೊರಳಲ್ಲಿ ಸ್ಟಾಪ್‌ವಾಚ್ ತೂಗಿಸಿಕೊಂಡ ಐವತ್ತರ ಹೆಂಗಸು. ಎಲ್ಲರ ಬಾಯಲ್ಲೂ ಅವಳು ಗಡಿಯಾರದಕ್ಕ.

ವಾಪಸು ಬರುವಾಗ ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲ್‌ಗೆ ಹೇಳಿದರು: "ಯಾರಿಗೆ ನಷ್ಟ ಆಯ್ತು ಅಂತ ಮಾತ್ರ ಕೇಳ್ತಾ ಇದ್ವಲ್ಲಮ್ಮ. ಯಾರಿಗೆ ಏನು ಸಿಕ್ತು ಅಂತ ಕೇಳ್ಲೇ ಇಲ್ಲ."

ಗುರುವಾರ 10.55. ಎಲ್ಲರಿಗೂ ಕೇಳುವ ಹಾಗೆ ಇನ್‌ಸ್ಪೆಕ್ಟರ್ "ನಡಿಯಯ್ಯಾ ಠಾಣೆಗೆ" ಎಂದು ಗದರಿ, ಕೇಬಲಣ್ಣನನ್ನು ಹೊರಗೆ ಜೀಪಿನಲ್ಲಿ ಕೂರಿಸಿದರು. ಕಾನ್‌ಸ್ಟೇಬಲ್ ಪ್ಯಾಕಿಂಗ್ ಏಪ್ರನ್ ತೊಟ್ಟು ಒಳಗೇ ಉಳಿದಳು.

11.10. ಗೋದಾಮು ಸ್ತಬ್ಧವಾಯಿತು. ಜೀಪಿನಲ್ಲಿ ಕೇಬಲಣ್ಣ "ನಾನಲ್ಲ ಅಂತ ಗೊತ್ತಾಯ್ತಲ್ಲ ಸರ್" ಎಂದು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಇನ್‌ಸ್ಪೆಕ್ಟರ್ ಅವನ ಬೆನ್ನು ತಟ್ಟಿ ಒಳಗೆ ನಡೆದರು.

ಕೊನೆಯ ಮೇಜಿನ ಹಿಂದೆ, ಗೋಡೆಯ ಪೆಟ್ಟಿಗೆಯ ಪಕ್ಕದಲ್ಲಿ ಗಡಿಯಾರದಕ್ಕ ಕೈಕಟ್ಟಿ ನಿಂತಿದ್ದಳು. ಮೊಳದುದ್ದದ ನೀಲಿ ಕೇಬಲ್ಲಿನ ಎರಡೂ ತುದಿ ಪೆಟ್ಟಿಗೆಯಲ್ಲೇ ಇದ್ದವು. ಅವಳು ಓಡಿರಲಿಲ್ಲ.

"ಇದನ್ನ ಯಾರು ಕಲಿಸಿದ್ರು?"

"ಯಾರೂ ಇಲ್ಲ. ಒಂದು ದಿನ ಧೂಳು ಹೊಡೀತಿದ್ದೆ, ಈ ಕೇಬಲ್ಲಿನ ಒಂದು ತುದಿ ನೇತಾಡ್ತಿತ್ತು. ಬಿದ್ದುಹೋಗಿದೆ ಅಂತ ಖಾಲಿ ತೂತಿಗೆ ಸಿಕ್ಕಿಸ್ದೆ. ಎಲ್ಲಾ ನಿಂತ್ಹೋಯ್ತು. ಅವತ್ತೇ ಆ ಬಸುರಿ ಹುಡುಗಿ ಕೂತಿದ್ದು ನೋಡಿದ್ದು."

"ನಿಮ್ಮ ಸಂಬಂಧಿಕಳಾ?"

"ಅಲ್ಲ. ನನ್ನ ಲೈನಿನೋಳು. ಈಗಾಗ್ಲೇ ಎರಡು ಸಲ ಅವಳ ಹೆಸರು ಬರ್ಕೊಂಡಿದೆ. ಅವಳೊಬ್ಳು ಕೂತ್ರೆ ಕೆಲಸ ಹೋಗುತ್ತೆ. ಮೆಷಿನ್ನೇ ನಿಂತು ಎಲ್ಲಾರೂ ಕೂತ್ರೆ ಯಾರ ಹೆಸರೂ ಬೀಳಲ್ಲ."

"ನಾವು ಕಾಯ್ತಿದ್ದೀವಿ ಅಂತ ಗೊತ್ತಾಗ್ಲಿಲ್ವಾ?"

"ನಿಮ್ಮ ಕಾನ್‌ಸ್ಟೇಬಲ್ಲಮ್ಮನಿಗೆ ಟೇಪು ಹರಿಯೋಕೇ ಬರ್ತಿರ್ಲಿಲ್ಲ. ಗೊತ್ತಾಯ್ತು. ಇವತ್ತು ನಾನು ಸಿಕ್ಕಿಸ್ದೆ ಸುಮ್ನಿದ್ದಿದ್ರೆ ಕೇಬಲಣ್ಣ ಒಳಗೆ ಹೋಗ್ತಿದ್ದ. ಅವನಿಗೂ ಮಕ್ಕಳಿದಾವೆ ಸರ್."

11.18ಕ್ಕೆ ದಸ್ತಗಿರಿ. ಮ್ಯಾನೇಜರ್ ಓಡಿ ಬಂದು ಕೇಬಲ್ಲಿಗೆ ಕೈ ಹಾಕಿದ.

"ಮುಟ್ಟಬೇಡ್ರೀ!" ಇನ್‌ಸ್ಪೆಕ್ಟರ್ ಗುಡುಗಿದರು. "ಸಾಕ್ಷ್ಯ ಅದು. ಪಂಚನಾಮೆ ಮುಗಿಯೋವರೆಗೂ ಇದ್ದ ಹಾಗೇ ಇರ್ಬೇಕು."

"ಎಷ್ಟು ಹೊತ್ತಾಗುತ್ತೆ?"

ಇನ್‌ಸ್ಪೆಕ್ಟರ್ ಒಂದು ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಬಸುರಿಯ ಪಕ್ಕ ಇಟ್ಟರು. ಆಮೇಲೆ ಕಾನ್‌ಸ್ಟೇಬಲ್ ಕಡೆ ತಿರುಗಿದರು. "ದುಂಡಗೆ ಬರಿಯಮ್ಮ. ಅವಸರ ಬೇಡ."

ಪಂಚನಾಮೆ ಮುಗಿದಾಗ ಗಂಟೆ ಒಂದೂವರೆ.