ತಾನೇ ಹಾಡುವ ಡಬ್ಬಿ

ಅಮೀನಪ್ಪನ ಅವ್ವ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ಓಡುವ ಲಯಕ್ಕೆ ಒಂದು ಹಾಡು ಹೇಳುತ್ತಿದ್ದಳು. ಅದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ನೂಲು ಹರಿದರೆ ಹಾಡು ನಿಲ್ಲುತ್ತಿತ್ತು, ಗಂಟು ಬಿದ್ದ ಮೇಲೆ ನಿಂತಲ್ಲಿಂದಲೇ ಮತ್ತೆ ಹೊರಡುತ್ತಿತ್ತು. ಆಕೆ ತೀರಿ ಹದಿನಾರು ವರ್ಷವಾದ ಮೇಲೆ, ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ, ಇಳಕಲ್ಲಿನ ಸೈಬರ್ ಅಂಗಡಿಯ ಸಂಜು ಅದೇ ಹಾಡನ್ನು ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿದ. ಹಾಡು ಅವ್ವನದು. ದನಿ ಹಣಮೇಶನದು. ಸಾಹಿತ್ಯ, ಸಂಗೀತ ಎಂದು ಬರೆದ ಕಡೆಯೂ ಹಣಮೇಶನ ಹೆಸರೇ.

ಹಣಮೇಶ ಚಿಕ್ಕಂದಿನ ಗೆಳೆಯ, ಭಜನಾ ಮೇಳದ ಜೋಡಿ. ಆ ಹಾಡನ್ನು ಅವನಿಗೆ ಕಲಿಸಿದವನೇ ಅಮೀನಪ್ಪ. ಚಹಾದಂಗಡಿಯಲ್ಲಿ ಮಂದಿಯ ಮುಂದೆಯೇ ಕೇಳಿದ.

"ಯಾರದಲೇ ಆ ಹಾಡು?"

"ಹಾಡಿದಾವಂದು," ಎಂದು ಹಣಮೇಶ ಬಸಿಯಲ್ಲಿದ್ದ ಚಹಾ ಸೊರ್ರನೆ ಹೀರಿದ. "ನಿಮ್ಮವ್ವ ಅದನ್ನ ಕುಣ್ಯಾಗ ಇಟ್ಟಿದ್ಲು, ನಾ ಮ್ಯಾಲಕ್ಕ ಎತ್ತೇನಿ. ನನಗ ಹಾರ ಹಾಕೋದು ಬಿಟ್ಟು ಜಗಳಕ್ಕ ಬಂದೀಯಲ್ಲೋ!"

ಎಲ್ಲರೂ ನಕ್ಕರು. ಅಮೀನಪ್ಪನೂ ನಕ್ಕ. ಆ ನಗು ಮುಗಿಯುವ ಮೊದಲೇ ಅವನೊಳಗೆ ತೀರ್ಮಾನವಾಗಿತ್ತು.

ಜಾಗವನ್ನು ಹಣಮೇಶನೇ ಆರಿಸಿಕೊಟ್ಟಿದ್ದ. ಊರ ಹೊರಗೆ ಕೆಂಪುಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯಿತ್ತು, ನಾಲ್ಕಾಳು ನೀರು. ಅಲ್ಲಿ ಕಲ್ಲಿನ ಗೋಡೆಗಳು ದನಿಯನ್ನು ದುಂಡಗೆ ಮಾಡಿ ಮರಳಿ ಕೊಡುತ್ತವೆಂದು ದಿನಾ ಮೂರರ ಸುಮಾರಿಗೆ ಒಬ್ಬನೇ ಹೋಗಿ, ಅಂಚಿನಲ್ಲಿ ಕೂತು ಗಂಟಲು ಪಳಗಿಸುತ್ತಿದ್ದ. ಈಜು ಬಾರದು. ಕಾಲು ಜಾರಿತೆಂದರೆ ಯಾರೂ ನಂಬದೇ ಇರರು.

ಉಳಿದದ್ದು ಒಂದೇ: ಆ ಹೊತ್ತಿಗೆ ತಾನು ಮನೆಯಲ್ಲಿದ್ದೆನೆಂದು ಓಣಿಯೇ ಹೇಳಬೇಕು. ಸೀರೆಯ ದಡಿಯ ಚಿತ್ತಾರ ಬಿಡಿಸಲು ಅಮೀನಪ್ಪ ಹಳೆಯ ಕಂಪ್ಯೂಟರೊಂದನ್ನು ಕೊಂಡಿದ್ದ. ಅದಕ್ಕೆ ಈಗ ನೆಟ್ಟೂ ಬಂತು. ದಾರಿ ತೋರಿಸಲು ಸಂಜು ಬಂದ.

"ಏನ್ರಿ ಕಾಕಾ, ಈ ವಯಸ್ಸಿನ್ಯಾಗ ಹಾಡಿನ ಹುಚ್ಚು ಹತ್ತೇತಿ?"

"ಹೊತ್ತ ಹೋಗವಲ್ದೋ ತಮ್ಮಾ. ಒಂದು ಮುಗದ್ರ ತಾನ ಇನ್ನೊಂದು ಹತ್ತಬೇಕು, ಅಂಥಾದ್ದು ತೋರಸು."

ಅಮೀನಪ್ಪ ಅವಸರ ಮಾಡಲಿಲ್ಲ. ಒಂದು ಜಾಲತಾಣದಲ್ಲಿ ಪ್ರತಿ ಹಾಡಿಗೂ ಗುಂಡಿ ಒತ್ತಬೇಕು, ಬೇಡ. ಇನ್ನೊಂದರಲ್ಲಿ ಚಕ್ರ ತಿರುಗುತ್ತ ಹಾಡು ಬಿಕ್ಕಳಿಸುತ್ತಿತ್ತು, ಬೇಡ. ಹಾಡು ಇಳಿಸಿಟ್ಟುಕೊಳ್ಳಿರೆಂದು ಸಂಜು ಹೇಳಿದ, ಅದೂ ಬೇಡ. ಅವೇ ಹಾಡು ಅದೇ ಸಾಲಿನಲ್ಲಿ ಬಂದರೆ ಕಿವಿಯಿದ್ದವರಿಗೆ ಗೊತ್ತಾಗುತ್ತದೆ. ಕಡೆಗೊಂದು ಸಿಕ್ಕಿತು. ಒಂದು ಹಾಡಿನ ಹೆಸರು ಕೊಟ್ಟರೆ ಸಾಕು, ಅದರ ಬಳಗದ ಹಾಡುಗಳನ್ನು ತಾನೇ ಹುಡುಕಿ ಸಂಜೆಯವರೆಗೆ ನುಡಿಸುತ್ತಿತ್ತು, ದಿನಕ್ಕೊಂದು ಬಗೆ. ಮನುಷ್ಯನೇ ಕೂತು ಆರಿಸಿದ ಹಾಗೆ. ಕರೆಂಟು ಹೋದರೆ ಇರಲೆಂದು ಇನ್ವರ್ಟರ್ ಹಾಕಿಸಿ, ಮೇನ್ ತೆಗೆದು ಎರಡು ತಾಸು ಪರೀಕ್ಷೆಯನ್ನೂ ಮಾಡಿದ.

ಆಮೇಲೆ ಓಣಿಗೆ ರೂಢಿ ಹಿಡಿಸಿದ. ದಿನಾ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ದೊಡ್ಡ ದನಿಯಲ್ಲಿ ಹಾಡು. ಎದುರು ಮನೆಯ ಕಟ್ಟೆಯ ಮೇಲೆ ಮುದುಕಿ ರತ್ನಾಬಾಯಿ ಹೊರಸಿನಲ್ಲಿ ಮಲಗಿರುತ್ತಿದ್ದಳು. ಕಣ್ಣು ಮಸುಕು, ಕಿವಿ ಚುರುಕು.

"ಅಮೀನಾ, ನಿನ್ನಿ ಮೂರಕ್ಕ ಹಚ್ಚಿದ್ದು ಚಲೋ ಇತ್ತಪಾ. ಅದರ ಹಿಂದ ಬಂದದ್ದು ಮಾತ್ರ ಕತ್ತೆ ಒದರಿದಂಗಿತ್ತು."

ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಪೋಲೀಸರೂ ಬಯಸಲಾರರು ಎಂದುಕೊಂಡ.

ಹೆಂಡತಿ ಶೈಲಶ್ರೀ ಹುನಗುಂದಕ್ಕೆ ತವರಿಗೆ ಹೋದ ಗುರುವಾರ, ಎರಡೂವರೆಗೆ ಹಾಡು ಹಚ್ಚಿದ. ಮುಂಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದ. ನಾಯಿ, ಕಳ್ಳರು ನುಗ್ಗಬಾರದೆಂದು ಹಿತ್ತಲ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿ, ಮುಳ್ಳುಬೇಲಿಯ ಮರೆಯಲ್ಲಿ ನಡೆದ.

ಹಣಮೇಶ ಬೆನ್ನು ಮಾಡಿ ಕೂತಿದ್ದ. ದನಿ ಮೇಲಕ್ಕೇರುತ್ತಿತ್ತು. ಅಮೀನಪ್ಪ ಕೈ ಚಾಚಿದ್ದು ಒಂದೇ ಸಲ. ನೀರಿನಿಂದ ತನ್ನ ಹೆಸರು ಎರಡು ಬಾರಿ ಕೇಳಿಸಿತು, ಗೋಡೆಗಳು ಅದನ್ನೂ ದುಂಡಗೆ ಮಾಡಿ ಮರಳಿಸಿದವು. ನೀರು ಸಮನಾಗುವವರೆಗೆ ನಿಂತಿದ್ದು ತಿರುಗಿದ.

ನಾಲ್ಕಕ್ಕೆ ಹಿತ್ತಲಿಗೆ ಬಂದಾಗ ಹಾಡು ನಡೆದೇ ಇತ್ತು. ಓಣಿಯ ಪವರ್‌ಲೂಮುಗಳೆಲ್ಲ ಸುಮ್ಮನಿದ್ದವು. ಕರೆಂಟು ಹೋಗಿದೆ, ಆದರೂ ತನ್ನ ಡಬ್ಬಿ ನಿಂತಿಲ್ಲ ಎಂದು ಮೀಸೆಯಲ್ಲೇ ನಕ್ಕ. ಕೀಲಿ ತೆಗೆದು, ಕಾಲು ತೊಳೆದು, ಮುಂಬಾಗಿಲ ಅಗಳಿ ಸರಿಸಿ, ಆಕಳಿಸುತ್ತ ಹೊರಗೆ ಬಂದ.

ಓಣಿಗೆ ಓಣಿಯೇ ಕಟ್ಟೆಗಳ ಮೇಲೆ ಕೂತಿತ್ತು. ಎದುರಿನ ಹೊರಸಿನ ಮೇಲೆ ರತ್ನಾಬಾಯಿಗೆ ಮುಖ ಮುಚ್ಚಿ ಬಿಳಿ ಅರಿವೆ ಹೊದಿಸಿದ್ದರು. ಓಣಿಯ ಹಿರಿಯ ಅಂದಪ್ಪ ಎದ್ದು ಬಂದ.

"ಮೂರಕ್ಕ ಜೀವ ಹೋತು. ನಿನ್ನ ಬಾಗಲಾ ಬಡದು ಬಡದು ಕೈ ಸೋತ್ವು. ಹಿತ್ತಲಕ್ಕ ಹೋಗಿ ನೋಡಿದ್ರ ಹೊರಗ ಕೀಲಿ. ಒಳಗ ಹಾಡು ಹಚ್ಚಿಟ್ಟು ಇಷ್ಟೊತ್ತನ ಎಲ್ಲಿ ಹೋಗಿದ್ಯೋ ಅಮೀನಪ್ಪಾ?"

ನೆಟ್ಟು, ಇನ್ವರ್ಟರು, ಮುದುಕಿಯ ಕಿವಿ, ಎಲ್ಲವನ್ನೂ ಯೋಚಿಸಿದ್ದ ಅಮೀನಪ್ಪನಿಗೆ, ಆ ಓಣಿಯ ಕೂಸಿಗೂ ಗೊತ್ತಿದ್ದ ಒಂದು ಮಾತು ಮಾತ್ರ ಹೊಳೆದಿರಲಿಲ್ಲ. ಓಣಿಯಲ್ಲಿ ಯಾರಾದರೂ ಸತ್ತರೆ ಹೆಣ ಎತ್ತುವವರೆಗೆ ಮಗ್ಗ ಆಡಬಾರದು, ಹಾಡು ಕೇಳಿಸಬಾರದು. ಎಲ್ಲಿಯಾದರೂ ಕೇಳಿಸಿದರೆ ಹಿರಿಯರೇ ಹೋಗಿ ನಿಲ್ಲಿಸಬೇಕು. ನಾಳೆಯೋ ನಾಡಿದ್ದೋ ಕ್ವಾರಿಯಲ್ಲಿ ಹಣಮೇಶ ತೇಲುತ್ತಾನೆ, ಆಗ ಪೋಲೀಸರು ಬಂದು ಇದೇ ಮಂದಿಯನ್ನು ಕೇಳುತ್ತಾರೆ. ಅವನ ಬೆನ್ನ ಹಿಂದೆ ಡಬ್ಬಿ ಒಂದು ಹಾಡು ಮುಗಿಸಿ ತಾನೇ ಇನ್ನೊಂದನ್ನು ಹಚ್ಚಿತು. ಕರೆಂಟು ಹೋಗಿರಲೇ ಇಲ್ಲ. ಓಣಿಯವರು ತಾವಾಗಿ ಮಗ್ಗ ನಿಲ್ಲಿಸಿ, ಮೂರರಿಂದ ಅವನ ಬಾಗಿಲನ್ನೇ ನೋಡುತ್ತ ಕೂತಿದ್ದರು.