ಸೈಲೆನ್ಸರಿಗೆ ಅಂಟಿದ ನೀಲಿ ಕವರು

"ನಮ್ಮಣ್ಣ ಹೇಳಿ ಮಾಡಿಸಿದ್ದಾ ಇದು?"

ಅವಳು ಕೇಳಿದ್ದು ಇಷ್ಟೇ. ಎದುರಿಗೆ ನಿಂತವನ ಕೈಯಲ್ಲಿ ಅರ್ಧ ಎಳೆದ ನೀಲಿ ಕಾರ್ ಕವರಿತ್ತು. ಇನ್ನರ್ಧ ಅವಳ ಕಾರಿನ ಸೈಲೆನ್ಸರಿಗೆ ಕರಗಿ ಅಂಟಿ, ನೂಲುನೂಲಾಗಿ ನೆಲಕ್ಕೆ ಇಳಿಯುತ್ತಿತ್ತು. ಬೀದಿ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ.

ಎದುರಿನ ಅಂಗಡಿಯಲ್ಲಿ ಕಾರುಗಳ ಸೀಟು, ಕವರು ಹೊಲಿಯುವವನು ಅವನು. ಬೀದಿಗೆಲ್ಲ ಮಾಸ್ಟರ್. ಅವಳು ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಳು. ಅದಕ್ಕೇ ಅವನ ಬಾಯಲ್ಲಿ 'ನೀರಿನ ಮೇಡಂ'. ಹಾಗೆ ಕರೆಸಿಕೊಳ್ಳುವುದು ತನಗೆ ಇಷ್ಟ ಎಂದು ಅವಳು ಯಾರಿಗೂ ಹೇಳಿರಲಿಲ್ಲ... ಅವನಿಗಂತೂ ಹೇಳಿರಲೇ ಇಲ್ಲ.

"ಇಲ್ಲ ಮೇಡಂ, ಇದು ನನ್ನದೇ ತಪ್ಪು..." ಎಂದ ಅವನು. ಅವನ ಎರಡು ಬೆರಳು ಕೆಂಪಗೆ ಬೆಂದಿದ್ದವು.

ಅವಳು ನಂಬಲಿಲ್ಲ. ನಂಬುವುದಾದರೂ ಹೇಗೆ?

ನಾಳೆ ಬೆಳಗಾಗುತ್ತಲೇ ಅವಳು ಹೊರಡಬೇಕಿತ್ತು. ಗುಡ್ಡಗಳಾಚೆಯ ಊರಿನಲ್ಲಿ ಹೊಸ ಪ್ರಯೋಗಾಲಯ, ಅದಕ್ಕೆ ಅವಳೇ ಮುಖ್ಯಸ್ಥೆ. ಹಳ್ಳಿಹಳ್ಳಿ ಸುತ್ತಿ ಬಾವಿ, ಕೆರೆಗಳ ನೀರಿನ ಮಾದರಿ ತರಬೇಕಾದ ಕೆಲಸವಾದ್ದರಿಂದ ಸ್ವಂತ ವಾಹನ ಇರಲೇಬೇಕೆಂದು ಹೇಳಿದ್ದರು. ನಾಳೆ ಸಂಜೆಯೊಳಗೆ ಹಾಜರಾಗದಿದ್ದರೆ ಕೆಲಸ ಬೇರೆಯವರ ಪಾಲು.

ಅಣ್ಣನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಒಂಟಿ ಹೆಣ್ಣು, ಗುಡ್ಡದ ದಾರಿ, ಹಳೇ ಕಾರು ಎಂದು ಊಟಕ್ಕೆ ಕೂತಾಗಲೆಲ್ಲ ಅದೇ ರಾಗ. ನಿನ್ನೆ ಅದೇ ಅಣ್ಣ ಮಾಸ್ಟರ್ ಅಂಗಡಿಯ ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದ. ಅವಳು ಹತ್ತಿರ ಬಂದೊಡನೆ ಇಬ್ಬರ ಬಾಯಿಗೂ ಬೀಗ ಬಿದ್ದಿತ್ತು.

ಇವತ್ತು ಪೆಟ್ರೋಲ್ ಹಾಕಿಸಿ, ಚಕ್ರಗಳಿಗೆ ಗಾಳಿ ತುಂಬಿಸಿ ಬಂದು ಕಾರು ನಿಲ್ಲಿಸಿ ಒಳಗೆ ಹೋಗಿದ್ದಳು. ಒಂದು ಲೋಟ ನೀರು ಕುಡಿದು ಬರುವುದರೊಳಗೆ ಹೀಗಾಗಿತ್ತು.

ವಾಸನೆ ಹಿಡಿದು ಅಣ್ಣನೂ ಬಂದ. ಬಗ್ಗಿ ನೋಡಿದ. ಅವನ ಮುಖದಲ್ಲಿ ಮರುಕವಿತ್ತು, ಅದರ ಹಿಂದೆ ಸಣ್ಣ ನಿರಾಳವೂ ಇತ್ತು. ಅದು ಅವಳ ಕಣ್ಣಿಗೆ ಬೀಳದೆ ಹೋಗಲಿಲ್ಲ.

"ಭಾನುವಾರ ಯಾವ ಮೆಕ್ಯಾನಿಕ್ಕೂ ಸಿಗಲ್ಲ. ಆಗಿದ್ದೆಲ್ಲ ಒಳ್ಳೇದಕ್ಕೇ ಅನ್ಕೊ. ಫೋನ್ ಮಾಡಿ ಬರಲ್ಲ ಅಂದ್ಬಿಡು."

"ಬರ್ತೀನಿ ಅಂತ ಹೇಳಿ ಆಗಿದೆ ಅಣ್ಣ."

ಅವಳು ಕೂದಲನ್ನು ಗಂಟು ಕಟ್ಟಿದಳು. ಹಳೆಯ ಗೋಣಿಚೀಲ ತಂದು ಕಾರಿನ ಹಿಂದೆ ಹಾಸಿದಳು.

ಹಾಗೇ ಓಡಿಸುವಂತಿರಲಿಲ್ಲ. ಪ್ರತಿ ಸಲ ಸೈಲೆನ್ಸರಿನ ಕೊಳವೆ ಕಾದಾಗಲೂ ಪ್ಲಾಸ್ಟಿಕ್ ಹೊಗೆಯಾಡುತ್ತದೆ, ಹೊಗೆ ಕಾರಿನೊಳಗೆ ಬರುತ್ತದೆ, ಗುಡ್ಡ ಹತ್ತುವಾಗ ಬೆಂಕಿಯೇ ಹತ್ತಿದರೂ ಹತ್ತಿತು. ಇದೆಲ್ಲ ಅವಳಿಗೆ ಗೊತ್ತು. ತೆಗೆಯಲೇಬೇಕು, ಇವತ್ತೇ.

ಇಂಜಿನ್ ಚಾಲೂ ಮಾಡಿ ಬಿಸಿಯಲ್ಲೇ ಒರೆಸಿಬಿಡೋಣ ಎಂದ ಮಾಸ್ಟರ್. ರೆಕ್ಸಿನ್ ಅಂಟು ಹಾಗೇ ಬಿಡುವುದು ಎಂದು ಅವನ ವಾದ. ಇಷ್ಟು ದಪ್ಪ ಇರುವಾಗ ಕಾಯಿಸಿದರೆ ಕೊಳವೆ ತುಂಬ ಹರಡಿ ಸುಟ್ಟು ಕರಿಯಾಗುತ್ತದೆ, ಮೊದಲು ಆರಿಸಿ ತಣ್ಣಗೆ ಮಾಡಬೇಕು ಎಂದು ಅವಳ ವಾದ.

"ನನ್ನ ಕಾರು. ನನ್ನ ಮಾತು," ಎಂದಳು.

ಅವನು ವಾದ ಬಿಟ್ಟ. ಆದರೆ ಹೋಗಲಿಲ್ಲ. ಅಂಗಡಿಯಿಂದ ದಪ್ಪ ಕ್ಯಾನ್ವಾಸ್ ಚೂರುಗಳನ್ನೂ ಚರ್ಮದ ಕೈಗವಸುಗಳನ್ನೂ ತಂದು ಗೋಣಿಯ ಪಕ್ಕ ಕೂತ.

ಅತ್ತಿಗೆ ಮಾತ್ರ ಏನೂ ಕೇಳಲಿಲ್ಲ. ಫ್ರಿಜ್ಜಿನಲ್ಲಿದ್ದ ಐಸನ್ನೆಲ್ಲ ಬಟ್ಟೆಗೆ ಸುರಿದು ತಂದಳು, ಜೊತೆಗೆ ಅಡುಗೆಮನೆಯ ಮರದ ಸಟ್ಟುಗ. ಅದು ಹಾಳಾಗುತ್ತದೆ ಎಂದು ಅಣ್ಣ ಗೊಣಗಿದ್ದಕ್ಕೆ, ಇನ್ನು ಮೇಲೆ ಅಡುಗೆ ನೀವು ಮಾಡುವುದಾದರೆ ಚಿಂತೆ ಮಾಡಿ ಎಂದಳು.

ಕೊಳವೆ ಆರಿದ ಮೇಲೆ ಅವಳು ಐಸ್ ಒತ್ತಿ ಹಿಡಿದಳು. ಮೆತ್ತಗಿದ್ದ ನೀಲಿ ಗಡುಸಾಯಿತು. ಸಟ್ಟುಗದ ಅಂಚು ತೂರಿಸಿ ಮೀಟಿದಳು. ಟಕ್ ಎಂದು ಒಂದು ಹಕ್ಕಳೆ ಎದ್ದು ಬಂತು. ಹಿಂದೆಯೇ ಇನ್ನೊಂದು. ಗೆದ್ದೆ ಎನ್ನುವಂತೆ ಅವನತ್ತ ನೋಡಿದಳು. ಅವನು ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕುತ್ತಿದ್ದ.

ಆದರೆ ಕೊನೆಯ ತೆಳು ಪೊರೆ ಜಪ್ಪಯ್ಯ ಎಂದರೂ ಏಳಲಿಲ್ಲ. ಐಸ್ ಕರಗಿ ತೋಳಿಗಿಳಿಯಿತು. ಗೆಣ್ಣು ತರಚಿತು. ಅವಳ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ, ರೋಷಕ್ಕೆ.

ಅಣ್ಣನಿಗೆ ಅದನ್ನು ನೋಡಲಾಗಲಿಲ್ಲ. ಸಿಟ್ಟೆಲ್ಲ ಮಾಸ್ಟರ್ ಮೇಲೆ ತಿರುಗಿತು.

"ಎಲ್ಲ ನಿನ್ನಿಂದಲೇ. ನಿನ್ನ ಮಾತಾದ್ರೆ ಕೇಳ್ತಾಳೆ, ಹೋಗ್ಬೇಡ ಅಂತ ಹೇಳು ಅಂದೆ ನಿನ್ನೆ. ನೀನು ಆಗಲ್ಲ ಅಂದೆ. ಅವರು ಹೋಗಲೇಬೇಕು ಅಂತ ನನಗೇ ಬುದ್ಧಿ ಹೇಳ್ದೆ. ಹಾಗೆ ಹೇಳಿದವನು ಈಗ ನೋಡು, ಏನು ಮಾಡಿಟ್ಟೆ!"

ಸಟ್ಟುಗ ಅವಳ ಕೈಯಲ್ಲಿ ನಿಂತುಬಿಟ್ಟಿತು.

ಹಾಗಾದರೆ ಇವನು...?

ಎದ್ದು ನಿಂತಳು. ಮೊಣಕೈ ತನಕ ಮಸಿ.

"ಅಣ್ಣ, ನಿನಗೆ ಭಯ ಇದೆ. ಗೊತ್ತು. ಭಯ ನಿನ್ನದು, ಅದನ್ನ ನಾನು ಹೊರೋಕಾಗಲ್ಲ. ಇನ್ಮೇಲೆ ನನ್ನ ವಿಷಯನ ಇಬ್ಬರು ಗಂಡಸರು ಅಂಗಡಿ ಬಾಗಿಲಲ್ಲಿ ನಿಂತು ಮಾತಾಡ್ಬೇಡಿ. ನನ್ನ ಹತ್ರ ಮಾತಾಡಿ."

ಅಣ್ಣ ಅತ್ತಿಗೆಯ ಮುಖ ನೋಡಿದ. ಒಳಗೆ ಹೋದ.

ಅವಳು ಮಾಸ್ಟರ್ ಕಡೆ ತಿರುಗಿದಳು. ಕ್ಷಮೆ ಕೇಳಲು ಬಾಯಿ ಬರಲಿಲ್ಲ. ಕಾರಿನ ಕೀಲಿ ತೆಗೆದು, "ಇಂಜಿನ್ ಚಾಲೂ ಮಾಡ್ತೀನಿ. ಈಗ ನೀವು ಹೇಳಿದ ಹಾಗೆ ನೋಡೋಣ," ಎಂದಳು.

ಕೊಳವೆ ಸ್ವಲ್ಪ ಬೆಚ್ಚಗಾಗುತ್ತಲೇ ಇಂಜಿನ್ ನಿಲ್ಲಿಸಿದಳು. ಅವನು ಕೈಗವಸು ತೊಟ್ಟು ಕ್ಯಾನ್ವಾಸಿನಿಂದ ಒತ್ತಿ ಒರೆಸಿದ. ಪೊರೆ ಮೆತ್ತಗಾಗಿ ಬಟ್ಟೆಗೆ ಬಂತು. ಒಂದು ಚೂರು ಕೊಳೆಯಾದರೆ ಅವಳು ಇನ್ನೊಂದು ಕೊಡುವಳು. ಇಬ್ಬರ ತಲೆಗಳೂ ಒಂದೇ ಕೊಳವೆಯ ಮೇಲೆ ಬಾಗಿದ್ದವು. ಅವನ ಉಸಿರು ಅವಳಿಗೆ ಕೇಳುತ್ತಿತ್ತು...

"ಯಾಕೆ ಹಾಕಿದ್ರಿ ಕವರು? ನಾನು ಕೇಳಿರಲಿಲ್ಲ."

ಅವನು ಕೈ ನಿಲ್ಲಿಸಲಿಲ್ಲ. ಅಳತೆ ತೆಗೆಯುವಾಗೆಲ್ಲ ಕಾರುಗಳು ತಣ್ಣಗೆ ನಿಂತಿರುತ್ತವೆ, ಓಡಿ ಬಂದ ಕಾರಿಗೆ ತಾನು ಎಂದೂ ಕವರು ತೊಡಿಸಿದವನಲ್ಲ ಎಂದ. ಬೇರೆಯವರ ಕವರಾಗಿದ್ದರೆ ಸಡಿಲಾಗಿ ಜೋಲುತ್ತಿತ್ತು, ಏನೂ ಆಗುತ್ತಿರಲಿಲ್ಲ. ತನ್ನದು ಮೈಗೆ ಮೈ ಅಂಟಿದಂತೆ ಕೂರಬೇಕೆಂಬ ಹಟ. ಹಿಂದೆ ಬಿಗಿಯಾಗಿ ಇಲಾಸ್ಟಿಕ್ ಕೊಟ್ಟಿದ್ದ. ಅದೇ ಹೋಗಿ ಕೊಳವೆಯನ್ನು ತಬ್ಬಿತು.

"ನೀವು ಹೋಗ್ತೀರಲ್ಲ..." ದನಿ ತಗ್ಗಿತು. "ಅಲ್ಲಿ ನಿಮ್ಮ ಕಾರಿನ ಮೇಲಾದ್ರೂ ನನ್ನ ಕೈಯದ್ದು ಒಂದು ಇರ್ಲಿ ಅನ್ನಿಸ್ತು. ಹೇಳೋ ಧೈರ್ಯ ಇರಲಿಲ್ಲ. ಹೊಲಿದೆ."

ಅವಳು ಇನ್ನೊಂದು ಕ್ಯಾನ್ವಾಸ್ ಚೂರು ಕೈಗೆತ್ತಿಕೊಂಡಳು. ಇಷ್ಟು ದಿನ ಸೀಟಿನ ದಾರ ಬಿಚ್ಚಿತೆಂದು, ಗುಂಡಿ ಸಡಿಲವೆಂದು ತಾನು ಆ ಅಂಗಡಿಗೆ ಹೋಗುತ್ತಿದ್ದದ್ದು ಯಾವ ದಾರಕ್ಕಾಗಿ, ಯಾವ ಗುಂಡಿಗಾಗಿ?

"ಬಿಗಿ ಮಾಡಿದ್ರೆ ಹೀಗೇ ಆಗೋದು," ಎಂದಳು. ಕಟುವಾಗಿ ಹೇಳಬೇಕೆಂದಿದ್ದಳು, ಆಗಲಿಲ್ಲ.

ಕೊಳವೆ ಮತ್ತೆ ಪೂರ್ತಿ ಆರುವವರೆಗೆ ಕಾದರು. ಅತ್ತಿಗೆ ಕೊಟ್ಟ ಉಗುರುಬಣ್ಣ ತೆಗೆಯುವ ದ್ರವವನ್ನು ಬಟ್ಟೆಗೆ ಹಚ್ಚಿ ಅವಳು ಕೊನೆಯ ನೀಲಿ ಗುರುತನ್ನೂ ಒರೆಸಿದಳು. ಲೋಹ ಹೊಳೆಯಿತು.

ಬೆಳಿಗ್ಗೆ ಅಣ್ಣ ತಾನಾಗಿಯೇ ಪೆಟ್ಟಿಗೆ ಹೊತ್ತು ತಂದು ಡಿಕ್ಕಿಯಲ್ಲಿಟ್ಟ. ಚಕ್ರಗಳನ್ನು ಒಂದೊಂದಾಗಿ ಒದ್ದು ನೋಡಿದ. ತಲುಪಿದ ಮೇಲೆ ಫೋನ್ ಮಾಡು ಎಂದ. ಅವನಿಂದ ಆಗುವುದು ಅಷ್ಟೇ ಎಂದು ಅವಳಿಗೆ ಗೊತ್ತು. ಇವತ್ತಿಗೆ ಅದು ಸಾಕಿತ್ತು.

ಇಂಜಿನ್ ಚಾಲೂ ಮಾಡುವ ಹೊತ್ತಿಗೆ ಮಾಸ್ಟರ್ ಬೀದಿ ದಾಟಿ ಬಂದ. ಕಂಕುಳಲ್ಲಿ ಮಡಿಸಿದ ನೀಲಿ ಕವರು. ಸುಟ್ಟ ಭಾಗವನ್ನು ಕತ್ತರಿಸಿ ಅಲ್ಲಿ ಕಮಾನಿನಂತೆ ತೆರಪು ಬಿಟ್ಟು, ಅಂಚಿಗೆ ಕ್ಯಾನ್ವಾಸ್ ಹೊಲಿದಿದ್ದ.

"ಹಿಂದುಗಡೆ ಜಾಗ ಬಿಟ್ಟಿದೀನಿ."

"ಎಷ್ಟು?"

"ನೀವು ಎಷ್ಟೇ ಬಿಸಿಯಾಗಿ ಬಂದ್ರೂ ತಾಗದಷ್ಟು."

ಅವಳಿಗೆ ನಗು ಬಂತು. ಕವರನ್ನು ತೆಗೆದುಕೊಂಡು ಪಕ್ಕದ ಸೀಟಿನ ಮೇಲಿಟ್ಟಳು. ಅವನ ಬೆಂದ ಬೆರಳುಗಳನ್ನು ಒಮ್ಮೆ ಹಿಡಿದಳು. ಅಣ್ಣ ನೋಡುತ್ತಿದ್ದ. ನೋಡಲಿ.

"ನಿನ್ನೆ ನಿಮ್ಮನ್ನ ಅನುಮಾನಿಸಿದ್ದು ನನ್ನ ತಪ್ಪು," ಎಂದಳು. "ಆ ಊರಲ್ಲೂ ಕಾರುಗಳಿವೆ ಮಾಸ್ಟರ್. ಮುಂದಿನ ಭಾನುವಾರ ಬಂದು ಅಂಗಡಿಗೆ ಜಾಗ ನೋಡಿ."

"ಕರೀತಿದೀರಾ ಮೇಡಂ?"

"ಕರೀತಿದೀನಿ. ಆದರೆ ನನ್ನ ಕಾಯೋಕೆ ಬರೋ ಹಾಗಿದ್ರೆ ಬೇಡ. ನನ್ನ ಜೊತೆ ಇರೋಕೆ ಬನ್ನಿ. ಇನ್ನೊಂದು ವಿಷಯ, ಎಲ್ಲೇ ಹೋದ್ರೂ ಕಾರು ಓಡಿಸೋದು ನಾನೇ."

ಅವನು ಕಿಟಕಿಗೆ ಬಗ್ಗಿದ. ಯಾರಿಗೂ ಹೇಳದ ಗುಟ್ಟು ಹೇಳುವವನಂತೆ ಪಿಸುಗುಟ್ಟಿದ.

"ನನಗೆ ಓಡಿಸೋಕೆ ಬರೋದೇ ಇಲ್ಲ."

"ಗೊತ್ತು," ಎಂದಳು ಅವಳು. "ಕಲಿಸ್ತೀನಿ."