ಕೇಬಲ್ ನೋಡಲು ಬಂದವನು

ಬಾಗಿಲು ತೆರೆದ ಶ್ರೀಪ್ರಿಯಾ ಅವನನ್ನು ಸೀದಾ ಟೀವಿಯ ಮುಂದೆ ನಿಲ್ಲಿಸಿದಳು.

"ಕ್ರಿಕೆಟ್ ಚಾನೆಲ್ ಒಂದೂ ಬರ್ತಿಲ್ಲ. ನಿಮ್ಮ ಸೇಠ್‌ಗೆ ಹೇಳಿ, ಹೀಗೇ ಆದ್ರೆ ನಾವು ಡಿಶ್ ಹಾಕಿಸ್ಕೊಳ್ತೇವೆ ಅಂತ."

ಅವನು ಟೀವಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಹಾಕಿಸ್ಕೊಳ್ಳಿ. ಆದ್ರೆ ನಾನು ಬಂದದ್ದು ಲ್ಯಾಪ್‌ಟಾಪ್ ನೋಡ್ಲಿಕ್ಕೆ."

ಅವಳ ಕಿವಿ ಬಿಸಿಯಾಯಿತು. "ಅಯ್ಯೋ, ಸಾರಿ! ಕೇಬಲ್‌ನವರು ಅಂದ್ಕೊಂಡೆ."

"ಪರವಾಗಿಲ್ಲ. ಅದೂ ಕೇಬಲ್ಲೇ, ಇದೂ ಕೇಬಲ್ಲೇ."

ಅವನು ಅದೇ ಹೌಸಿಂಗ್ ಸೊಸೈಟಿಯ ಬಿ ವಿಂಗಿನ ಲತೀಶ್. ಐರೋಲಿಯ ಆಫೀಸೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ಡೊಂಬಿವಲಿ ಸ್ಟೇಷನ್ನಿನ ಬಳಿ ಅವಳ ಅಪ್ಪ ಯಜ್ಞೇಶ್ವರ ರಾಯರ ಸಸ್ಯಾಹಾರಿ ಹೋಟೆಲಿಗೆ ಬೆಳಿಗ್ಗೆ ತಿಂಡಿಗೆ ಬರುತ್ತಿದ್ದ. ರಾಯರೇ ಅವನನ್ನು ಮನೆಗೆ ಕಳಿಸಿದ್ದರು. ಮಗಳಿಗೆ ಹೇಳಲು ಮರೆತಿದ್ದರು.

ಶ್ರೀಪ್ರಿಯಾ ಭಿವಂಡಿಯ ಸೀರೆ ಮಿಲ್ಲೊಂದಕ್ಕೆ ಮನೆಯಲ್ಲೇ ಕೂತು ಬಾರ್ಡರ್ ಡಿಸೈನ್ ಮಾಡುತ್ತಿದ್ದಳು. ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲಿ ಬಳ್ಳಿಯ ಕುಡಿಗಳು ಸರಿಯಾಗಿ ಕಾಣುತ್ತಿರಲಿಲ್ಲವೆಂದು ದೊಡ್ಡ ಮಾನಿಟರ್ ಜೋಡಿಸಿಕೊಂಡಿದ್ದಳು. ಈಗೀಗ ಆ ಮಾನಿಟರ್ ಕೆಲಸದ ನಡುವೆ ಇದ್ದಕ್ಕಿದ್ದಂತೆ ಕಪ್ಪಾಗಿಬಿಡುತ್ತಿತ್ತು.

ಲತೀಶ್ ಮೇಜಿನ ಕೆಳಗೆ ನುಸುಳಿದ. ಅಡುಗೆಮನೆಯಿಂದ ಬಂದ ಅಮ್ಮ ರಮಾಮಣಿ, ಊರಿನ ಹುಡುಗ ಎಂಬ ಖುಷಿಯಲ್ಲಿ ತುಳುವಿನಲ್ಲಿ ಮಾತಾಡಿಸಿದರು. ಊರಲ್ಲಿ ಯಾರಿದ್ದಾರೆ, ಮದುವೆ ಆಗಿದೆಯೇ? ಮೇಜಿನ ಕೆಳಗಿಂದಲೇ ಅವನು "ಇಜ್ಜಿ" ಎಂದ.

ಇಲ್ಲ ಎನ್ನುವುದಕ್ಕೆ ಈ ಮನೆಯವರು "ಇದ್ದಿ" ಎನ್ನುತ್ತಾರೆ. ಬ್ರಾಹ್ಮಣರ ಮನೆಯ ಹುಡುಗನಲ್ಲ ಎಂದು ತಿಳಿಯಲು ಅಮ್ಮನಿಗೆ ಆ ಒಂದು ಪದ ಸಾಕಾಯಿತು. ಅವರು ನಗುತ್ತಲೇ ಒಳಗೆ ಹೋದರು. ಕಾಫಿ ಬಂದದ್ದು ಹೋಟೆಲಿನ ಪೇಪರ್ ಕಪ್ಪಿನಲ್ಲಿ.

ಶ್ರೀಪ್ರಿಯಾ ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದವಳು ತಲೆ ತಗ್ಗಿಸಿದಳು. ಲತೀಶ್ ನೋಡಿದ, ನೋಡದವನಂತೆ ಕುಡಿದು, "ಕಾಫಿ ಫಸ್ಟ್ ಕ್ಲಾಸ್" ಎಂದ.

ಆ ದಿನ ಅವನು ವೈರ್ ಬಿಗಿ ಮಾಡಿ ಹೋದ. ಮುಂದಿನ ಭಾನುವಾರ ಬೇರೆ ಮಾನಿಟರ್ ಹೊತ್ತು ತಂದು ಜೋಡಿಸಿದ, ಅದೂ ಕಪ್ಪಾಯಿತು. "ಹಾಗಾದ್ರೆ ನಿಮ್ಮ ಮಾನಿಟರ್‌ದು ತಪ್ಪಿಲ್ಲ, ಪಾಪ" ಎಂದ. ಇನ್ನೊಂದು ಭಾನುವಾರ ಲ್ಯಾಪ್‌ಟಾಪಿನ ಹಿಂದೆ ಬಗ್ಗಿ ವೈರನ್ನು ಮೆಲ್ಲಗೆ ಅತ್ತಿತ್ತ ಅಲುಗಿಸುತ್ತ ಕೂತ.

"ಈಗ ಹೋಯ್ತಾ?"

ಅವನು ತಲೆ ಎತ್ತಿದ. ಅವಳು ಅವನ ಹಣೆಗೆ ಅಂಟಿದ ಕೂದಲನ್ನು ನೋಡುತ್ತಿದ್ದಳು.

"ಪರದೆ ನೋಡಿ ಮಾರಾಯ್ರೆ, ನನ್ನ ಮುಖದಲ್ಲಿ ಎಂತ ಡಿಸ್‌ಪ್ಲೇ ಉಂಟು?"

"ತುಂಬಾ ಉಂಟು" ಎಂದವಳು, ತನ್ನ ಮಾತಿಗೆ ತಾನೇ ನಾಚಿ ಕಿಟಕಿಯ ಕಡೆ ತಿರುಗಿದಳು.

ಅವನು ಮತ್ತೆ ವೈರಿನ ಕಡೆ ಬಗ್ಗಿದ. ಕೊನೆಗೆ, "ಬೇರೆ ಕೇಬಲ್ ತರ್ಬೇಕು. ಬರುವ ವಾರ ಬರ್ತೇನೆ" ಎಂದ.

"ಕೇಬಲ್ ಸರಿ ಇದೆ. ಲ್ಯಾಪ್‌ಟಾಪಲ್ಲಿ ವೈರ್ ಕೂರುವ ಜಾಗವೇ ಸಡಿಲ ಆಗಿದೆ. ನಂಗೂ ಕಾಣ್ತದೆ, ಲತೀಶ್."

ಸಿಕ್ಕಿಬಿದ್ದವನಂತೆ ಅವನು ನಕ್ಕ. "ಹೌದು. ಕೆಳಗೊಂದು ರಟ್ಟು ಮಡಚಿ ಇಟ್ಟರೆ ವೈರ್ ಜೋಲುವುದಿಲ್ಲ, ಸರಿಯಾಗ್ತದೆ. ಆದ್ರೆ ಸರಿಯಾದ ಮೇಲೆ ನಾನು ಎಂತ ಹೇಳಿ ಬರುವುದು?"

ಅವಳೇ ರಟ್ಟು ಮಡಚಿ ಇಟ್ಟಳು. ಪರದೆ ಆರದೆ ನಿಂತಿತು. "ಬರುವುದು ನಮ್ಮಪ್ಪನನ್ನು ಕೇಳ್ಲಿಕ್ಕೆ" ಎಂದಳು, ಅವನ ಮುಖ ನೋಡದೆ.

ಅವನು ಕೇಳಿದ. ಹೋಟೆಲಿಗೇ ಹೋಗಿ ಕೇಳಿದ. ಮರುದಿನ ಸಂಜೆ ಸ್ಟೇಷನ್ನಿನ ಸೇತುವೆಯ ಮೇಲೆ, ಕಲ್ಯಾಣದ ಫಾಸ್ಟ್ ಲೋಕಲ್ ರೈಲಿನಿಂದ ಇಳಿದ ಜನ ಇಬ್ಬರನ್ನೂ ಕಂಬಿಗೆ ಒತ್ತಿಕೊಂಡು ಸಾಗುತ್ತಿರುವಾಗ, ನಡೆದದ್ದನ್ನು ಅವಳಿಗೆ ಹೇಳಿದ.

"ಕೂರಿಸಿದ್ರು. ಬನ್ಸ್ ತರಿಸಿದ್ರು. ನನ್ನ ಮಾತು ಪೂರ್ತಿ ಕೇಳಿದ್ರು."

"ಮತ್ತೆ?"

"'ನೀನು ಒಳ್ಳೆ ಹುಡುಗ ಲತೀಶಾ. ಹೋಟೆಲಿಗೆ ಬರ್ಬೇಡ ಅಂತ ಹೇಳುವುದಿಲ್ಲ. ಮನೆಗೆ ಬೇಡ' ಅಂದ್ರು. ಅಷ್ಟೇ."

ಕೆಳಗೆ ಗಾಡಿಯೊಂದು ಹೊರಟಿತು. ಅದರ ಸದ್ದು ಕಳೆಯುವವರೆಗೆ ಕಾದು ಅವನು ಕೇಳಿದ, "ಸಾನಪಾಡಾದಲ್ಲಿ ಒಂದು ರೂಮ್ ನೋಡಿದ್ದೇನೆ. ಮದುವೆ ರಿಜಿಸ್ಟರ್ ಮಾಡಿಕೊಳ್ಳುವ. ನೀನು ಬರ್ತೀಯಾ?"

ಅವಳ ಕೈ ಕಂಬಿಯ ಮೇಲಿತ್ತು. ಅವನ ಕೈ ಪಕ್ಕದಲ್ಲೇ ಇತ್ತು, ತಾಗದಷ್ಟು ಹತ್ತಿರ.

"ಅಪ್ಪ ನಿನ್ನೆ ಮನೆಗೆ ಬಂದು ನಂಗೆ ಒಂದು ಮಾತೂ ಬೈಲಿಲ್ಲ ಲತೀಶ್. ಊಟ ಬಿಟ್ಟು ಸುಮ್ಮನೆ ಮಲ್ಕೊಂಡ್ರು. ಬೈದಿದ್ರೆ, ಹೊಡೆದಿದ್ರೆ, ಈಗಲೇ ನಿನ್ನ ಜೊತೆ ಬರ್ತಿದ್ದೆ."

"ಬೈಸಿಕೊಳ್ಳುವ ಹಾಗೆ ಎಂತಾದ್ರೂ ಮಾಡು ಮಾರಾಯ್ತಿ" ಎಂದ ಅವನು. ಇಬ್ಬರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಅವನು ಕರ್ಚೀಫ್ ಕೊಡಲು ಜೇಬಿಗೆ ಕೈ ಹಾಕಿದಾಗ ಅವಳು ಜನರ ನಡುವೆ ಇಳಿದು ಹೋಗಿಬಿಟ್ಟಿದ್ದಳು.

ಅವನು ಬಿ ವಿಂಗ್ ಬಿಟ್ಟು ಸಾನಪಾಡಾಕ್ಕೆ ಹೋದ, ಒಬ್ಬನೇ. ರಾಯರು ಕೋಪರಖೈರಣೆಯಲ್ಲಿ ಹೋಟೆಲ್ ಇರುವ ಮನೆಯ ಸರ್ವೋತ್ತಮನ ಜಾತಕ ತಂದರು. ಹುಡುಗ ಒಳ್ಳೆಯವನೇ. ಅವಳು ಹೂಂ ಎಂದಳು.

ನಿಶ್ಚಿತಾರ್ಥದ ವಾರ, ಒಂದು ಮಧ್ಯಾಹ್ನ, ಲ್ಯಾಪ್‌ಟಾಪ್ ತನ್ನಷ್ಟಕ್ಕೆ ಎಂತದೋ ಅಪ್‌ಡೇಟ್ ಮಾಡಿಕೊಂಡು ಎದ್ದಾಗ ಮಾನಿಟರಿನಲ್ಲಿ ಏನೂ ಇರಲಿಲ್ಲ. ಸಂಜೆಯೊಳಗೆ ಮಿಲ್ಲಿಗೆ ಡಿಸೈನ್ ಹೋಗಬೇಕಿತ್ತು. ಫೋನ್ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತು, ಕೊನೆಗೆ ಅವನಿಗೇ ಮಾಡಿದಳು.

"ಮಾನಿಟರ್ ಪೂರ್ತಿ ಹೋಗಿದೆ. ನೋ ಸಿಗ್ನಲ್ ಅಂತಿದೆ."

"ಬರ್ಲಾ?" ಎಂದವನು, ತಕ್ಷಣ, "ಇಲ್ಲ, ಫೋನಲ್ಲೇ ಹೇಳ್ತೇನೆ" ಎಂದ. "ಶಟ್‌ಡೌನ್ ಮಾಡು. ವೈರ್ ಎಲ್ಲಾ ತೆಗಿ. ಬ್ಯಾಟರಿಯನ್ನೂ ತೆಗಿ. ಈಗ ಪವರ್ ಬಟನ್ ಒತ್ತಿ ಹಿಡ್ಕೋ, ಒಳಗೆ ಉಳಿದ ಕರೆಂಟ್ ಹೋಗ್ಲಿ. ಅವಸರ ಮಾಡ್ಬೇಡ."

ಅವಳು ಒಂದೊಂದಾಗಿ ಮಾಡಿದಳು. ಬ್ಯಾಟರಿ ಹಾಕಿ, ವೈರ್ ಸಿಕ್ಕಿಸಿ, ಮತ್ತೆ ಆನ್ ಮಾಡಿದಳು.

"ವಿಂಡೋಸ್ ಕೀ ಹಿಡಿದು ಪಿ ಒತ್ತು. ಎಕ್ಸ್‌ಟೆಂಡ್ ಅಂತ ಬರ್ತದೆ, ಅದನ್ನು ಆರಿಸು."

ಮಾನಿಟರ್ ಬೆಳಗಿತು. ಅವಳೇ ಬರೆದು ವಾಲ್‌ಪೇಪರ್ ಮಾಡಿಕೊಂಡಿದ್ದ ಹಸಿರು ಬಳ್ಳಿ ಪರದೆಯ ಈ ತುದಿಯಿಂದ ಆ ತುದಿಗೆ ಹಬ್ಬಿತ್ತು.

"ಕಾಣ್ತದಾ?"

"ಇಲ್ಲ" ಎಂದಳು ಶ್ರೀಪ್ರಿಯಾ.

ಆ ಕಡೆ ಅವನ ಉಸಿರು ಕೇಳುತ್ತಿತ್ತು. ಸುಳ್ಳು ಗೊತ್ತಾಗಿದೆ ಎಂದು ಅವಳಿಗೂ ಗೊತ್ತಾಯಿತು.

"ಆಯ್ತು" ಎಂದ ಅವನು, ಮೆಲ್ಲಗೆ. "ಮೊದಲಿಂದ ನೋಡುವ. ಶಟ್‌ಡೌನ್ ಮಾಡು."

"ಮಾಡಿದೆ." ಅವಳು ಏನನ್ನೂ ಮುಟ್ಟಿರಲಿಲ್ಲ.

"ವೈರ್ ತೆಗಿ."

"ತೆಗ್ದೆ."

"ಬ್ಯಾಟರಿ."

"ಹಾಂ."

"ಈಗ ಪವರ್ ಬಟನ್ ಹಿಡ್ಕೋ. ನಾನು ಹೇಳುವವರೆಗೆ ಬಿಡ್ಬೇಡ."

ಅವನು ಹೇಳಲೇ ಇಲ್ಲ. ಅವಳು ಸುಮ್ಮನೆ ಕೂತಿದ್ದಳು, ಫೋನನ್ನು ಕಿವಿಗೆ ಒತ್ತಿಕೊಂಡು.

"ಶ್ರೀ," ಒಳಗಿಂದ ಅಮ್ಮ ಕೂಗಿದರು, "ಕೋಪರಖೈರಣೆಯಿಂದ ಫೋನ್. ಸೀರೆ ಬಣ್ಣ ಕೇಳ್ತಿದ್ದಾರೆ, ಬಾ."

ಅದು ಅವನಿಗೂ ಕೇಳಿಸಿತು.

"ಬಿಡು ಈಗ" ಎಂದ ಲತೀಶ್. "ಇನ್ನೊಮ್ಮೆ ಹೋದ್ರೆ ಹೀಗೇ ಮಾಡು. ನಿಂಗೆ ಎಲ್ಲಾ ಬರ್ತದಲ್ಲ, ಯಾರನ್ನೂ ಕರೀಬೇಕು ಅಂತಿಲ್ಲ."

"ಹೂಂ."

ಅವನು ಫೋನ್ ಇಡಲಿಲ್ಲ. ಅವಳೇ ಕೆಂಪು ಬಟನ್ ಒತ್ತಿದಳು, ಮುಖ ಒರೆಸಿಕೊಂಡಳು, ಒಳಗೆ ಹೋಗಿ, ಯಾವ ಬಣ್ಣವಾದರೂ ಆದೀತು ಎಂದಳು.